ಗಾರ್ಡಮ್ಮ ಮತ್ತು ಕೋಟೆಯ ಕಾವಲುಗಾರರು

ಆಷಾಢದಿಂದ ದಸರೆಯವರೆಗೆ ಗಾರ್ಡಮ್ಮನ ಅಂಗೈಗಳು ಕಪ್ಪಗಿರುತ್ತಿದ್ದವು. ಅದು ಹಸಿ ಹೊಗೆಸೊಪ್ಪಿನ ಅಂಟು. ಸೊಪ್ಪನ್ನು ಕಾವು ಕೊಟ್ಟು ಹದಮಾಡುವ ಬ್ಯಾರನ್ನಿನಲ್ಲಿ ಬೇಯಲು ಏರಿಸುವ ಮೊದಲು ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸ ಅವರದು. ಹುಣಸೆಹಣ್ಣು, ಸೀಗೆಪುಡಿ, ಒಲೆಯ ಬೂದಿ ಏನು ಹಾಕಿ ಉಜ್ಜಿದರೂ ಆ ಕಪ್ಪು ಗೆರೆಗಳ ಸಂದಿಯಲ್ಲಿ ಉಳಿದೇ ಇರುತ್ತಿತ್ತು. ಆ ಕೈ ಮುಟ್ಟಿದ್ದೆಲ್ಲ ಕಹಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಕಾಫಿ ಕೊಟ್ಟರೆ ಲೋಟವನ್ನು ಸೆರಗಿನ ತುದಿಯಿಂದ ಹಿಡಿದು, ತುಟಿಗೆ ತಾಗಿಸದೆ ಎತ್ತಿ ಕುಡಿದು, ಆಮೇಲೆ ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು.

ಹುಣಸೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಂಡ ಕಾಕನಕೋಟೆ ಕಡೆ ಕಾಡು ಕಾಯುವ ಗಾರ್ಡ್ ಆಗಿದ್ದರಂತೆ. ನಾನು ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರಂತೆ. ಆಮೇಲೆ ಕೆಲವು ವರ್ಷಕ್ಕೆ ಆಕೆ ತಾವಿದ್ದ ಅಂತರಸಂತೆ ಬಿಟ್ಟು ಹುಣಸೂರಿಗೆ ಬಂದರು. ಗಾರ್ಡ್ ಹೋಗಿ ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಆಕೆ ಗಾರ್ಡಮ್ಮನಾಗಿಯೇ ಉಳಿದರು. ಮಕ್ಕಳಿರಲಿಲ್ಲ. ಹುಡುಗ ಹುಡುಗಿ ಎನ್ನದೆ ಬೀದಿಯ ಮಕ್ಕಳನ್ನೆಲ್ಲ ‘ಮಗ’ ಎಂದೇ ಕರೆಯುತ್ತಿದ್ದರು, ನನ್ನನ್ನೂ.

ಅವರದೊಂದು ಅಭ್ಯಾಸ ನನಗೆ ಮೊದಲಿನಿಂದಲೂ ವಿಚಿತ್ರವಾಗಿ ಕಾಣುತ್ತಿತ್ತು. ಯಾರ ಬೆನ್ನ ಹಿಂದೆಯೂ ಅವರು ಸುಮ್ಮನೆ ಬರುತ್ತಿರಲಿಲ್ಲ. ನಲ್ಲಿಯ ಹತ್ತಿರ ನಾನು ಬಗ್ಗಿ ನೀರು ಹಿಡಿಯುತ್ತಿದ್ದರೆ ದೂರದಿಂದಲೇ ಒಮ್ಮೆ ಕೆಮ್ಮಿ, “ಬಂದೆ ಕಣ್ ಮಗ” ಎಂದು ಹೇಳಿಯೇ ಹತ್ತಿರ ಬರುತ್ತಿದ್ದರು. ಎಮ್ಮೆಗೂ ಹಾಗೇ ಹೇಳಿ ಹೋಗುವುದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ.

ಅವರು ನನಗೆ ನಿಜವಾಗಿ ಹತ್ತಿರವಾದದ್ದು ನನ್ನ ಕಾಲು ಮುರಿದ ವರ್ಷ. ಎರಡು ಸಾವಿರನೇ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನಾಗ ಗಾವಡಗೆರೆ ಕಡೆಯ ಒಂದು ಶಾಲೆಯಲ್ಲಿ ಗಣಿತದ ಟೀಚರು, ಮೊಪೆಡ್ಡಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ವಾಪಸು ಬರುವಾಗ ಸೌದೆ ತುಂಬಿದ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ಒಮ್ಮೆಲೇ ಟಾರು ರಸ್ತೆಗೆ ಏರಿತು. ಟ್ರೈಲರಿನ ಮೂಲೆ ತಗುಲಿ ನಾನು ಮೋರಿಯ ಪಕ್ಕಕ್ಕೆ ಬಿದ್ದೆ. ಟ್ರ್ಯಾಕ್ಟರು ನಿಂತಿತು. ಡ್ರೈವರು ಇಳಿದು ಬಂದು ನನ್ನ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಅವನು ಹತ್ತಿ ಹೊರಟುಹೋದ. ಹಾಲಿನ ವ್ಯಾನಿನವರು ಬಂದು ನನ್ನನ್ನು ಎತ್ತಿದರು.

ಮೈಸೂರಿನಲ್ಲಿ ಕಾಲಿಗೆ ಸರಳು ಹಾಕಿ ಕಳಿಸಿದರು. ತಿಂಗಳುಗಟ್ಟಲೆ ಮಂಚ ಬಿಡುವಂತಿರಲಿಲ್ಲ. ಅಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು. ಅಣ್ಣ ಮೈಸೂರಿನಲ್ಲಿ ಮದುವೆ ಕಾರ್ಡು, ಕರಪತ್ರ ಮಾಡಿಕೊಡುವ ಅಂಗಡಿಯಲ್ಲಿದ್ದ. ಗಂಡಸರೇ ಇದ್ದ ಮನೆ. ಮಂಚ ಹಿಡಿದ ಹೆಣ್ಣುಮಗಳ ಕಷ್ಟ ಏನೆಂದು ಯಾರೂ ಗಾರ್ಡಮ್ಮನಿಗೆ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಹೊಗೆಸೊಪ್ಪಿನ ಕೆಲಸಕ್ಕೆ ಹೆಂಗಸರನ್ನು ಕರೆದೊಯ್ಯುವ ಟೆಂಪೋ ಬರುವ ಮೊದಲೇ ಬಂದು ನನ್ನ ಮೈ ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚಿ ಹೋಗುತ್ತಿದ್ದರು. ಆ ಕೆಲಸಕ್ಕೆ ಕೈಗೆ ಹಳೇ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ನನ್ನ ಮೈಗೆ ಅಂಟು ತಾಗಬಾರದೆಂದು. ನಾನು ಸಂಕೋಚದಿಂದ ಮುಖ ತಿರುಗಿಸಿದರೆ ಬೀದಿಯ ಸುದ್ದಿ ಶುರುಮಾಡುತ್ತಿದ್ದರು. ಸುದ್ದಿ ಮುಗಿಯುವ ಹೊತ್ತಿಗೆ ಕೆಲಸವೂ ಮುಗಿದಿರುತ್ತಿತ್ತು.

ಹಗಲು ಕಳೆಯುವುದು ಕಷ್ಟವಾಗಿತ್ತು. ನಾನು ಗೋಡೆ ನೋಡಿಕೊಂಡು ಮಲಗಿರುವುದನ್ನು ಕಂಡು ಅಣ್ಣ ಒಂದು ಭಾನುವಾರ ತನ್ನ ಅಂಗಡಿಯವರು ಮೂಲೆಗೆ ಸರಿಸಿದ್ದ ಕಂಪ್ಯೂಟರನ್ನು ಬಸ್ಸಿನಲ್ಲಿ ಹೊತ್ತು ತಂದ. ಮಂಚದ ಪಕ್ಕಕ್ಕೆ ಮೇಜು ಎಳೆದು ಜೋಡಿಸಿಕೊಟ್ಟ. ಜೊತೆಗೆ ಯಾರೋ ಸ್ನೇಹಿತ ಕೊಟ್ಟ ಒಂದು ಆಟದ ಸಿಡಿ. ಆಗಲೇ ಹಳೆಯದಾಗಿದ್ದ ಆಟ.

ಬೆಟ್ಟದ ಮೇಲೊಂದು ಕೋಟೆ. ಅದರೊಳಗೆ ಸೆರೆಯಲ್ಲಿರುವ ಅಣ್ಣನೊಬ್ಬನನ್ನು ಅವನ ತಮ್ಮ ಬಿಡಿಸಿ ತರಬೇಕು, ಆ ತಮ್ಮನೇ ನಾವು. ಕೋಟೆಯ ತುಂಬ ಕಾವಲುಗಾರರು. ನೆರಳಿನಲ್ಲಿ ನಿಂತರೆ ಅವರಿಗೆ ಕಾಣುವುದಿಲ್ಲ, ಪಂಜಿನ ಕೆಳಗೆ ಬಂದರೆ ಕಾಣುತ್ತದೆ. ಕಲ್ಲಿನ ನೆಲದ ಮೇಲೆ ಓಡಿದರೆ ಕೇಳುತ್ತದೆ, ಹುಲ್ಲಿನ ಮೇಲೆ ಮೆಲ್ಲಗೆ ಹೋದರೆ ಇಲ್ಲ. ತಮ್ಮನ ಕೈಯಲ್ಲಿ ಒಂದು ದೊಣ್ಣೆ ಇರುತ್ತದೆ. ಎದುರು ನಿಂತು ಹೊಡೆದಾಡಿದರೆ ಅವನೇ ಸಾಯುತ್ತಾನೆ. ಹಿಂದಿನಿಂದ ಹೋಗಿ ತಲೆಗೆ ಒಂದು ಕೊಟ್ಟರೆ ಕಾವಲುಗಾರ ಬೀಳುತ್ತಾನೆ.

ಗಾರ್ಡಮ್ಮ ಸಂಜೆ ಕೆಲಸ ಮುಗಿಸಿ ಬಂದಾಗ ನಾನು ಆಡುತ್ತಿದ್ದೆ. ಅವರು ನೆಲದ ಮೇಲೆ ಕುಳಿತು ಕಾಫಿ ಕುಡಿಯುತ್ತ ಪರದೆ ನೋಡಿದರು. ಒಬ್ಬ ಕಾವಲುಗಾರ ಬೆಂಕಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ತನ್ನಷ್ಟಕ್ಕೆ ಗೊಣಗುತ್ತಿದ್ದ. ಏನಂತೆ ಅವನಿಗೆ ಎಂದು ಕೇಳಿದರು. ಚಳಿಯಂತೆ, ಊಟ ಇನ್ನೂ ಬಂದಿಲ್ಲವಂತೆ ಎಂದು ಕನ್ನಡ ಮಾಡಿ ಹೇಳಿದೆ. “ಪಾಪ” ಎಂದರು. ಅಷ್ಟರಲ್ಲಿ ನಾನು ಅವನ ಹಿಂದೆ ಹೋಗಿ ದೊಣ್ಣೆ ಬೀಸಿದೆ. ಅವನು ಮೂಟೆಯ ಹಾಗೆ ಕುಸಿದ. ಗೆದ್ದ ಸಂತೋಷದಲ್ಲಿ ಈ ಕಡೆ ತಿರುಗಿದರೆ ಗಾರ್ಡಮ್ಮ ಎದ್ದು ನಿಂತಿದ್ದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ಅದನ್ನು ತೊಳೆಯದೆ ಅಲ್ಲೇ ಬಿಟ್ಟು ಹೊರಟುಹೋದರು.

ಮರುದಿನ ಬೆಳಿಗ್ಗೆ ಬಂದರು, ಮೈ ಒರೆಸಿದರು, ಆದರೆ ಸುದ್ದಿ ಹೇಳಲಿಲ್ಲ. ಸಂಜೆ ಬರಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ನಾನೇನು ತಪ್ಪು ಮಾಡಿದೆನೋ ತಿಳಿಯದೆ ಅಪ್ಪನನ್ನು ಕೇಳಿದೆ. ಗಾರ್ಡ್ ಹೇಗೆ ತೀರಿಕೊಂಡರು ಎಂದು ಅಪ್ಪ ಆಗಲೇ ಹೇಳಿದ್ದು. ಮರ ಕದಿಯಲು ಬಂದವರು ಹಿಂದಿನಿಂದ ತಲೆಗೆ ಹೊಡೆದಿದ್ದರಂತೆ. ಆ ರಾತ್ರಿಯಿಡೀ ನನಗೆ ಗಾರ್ಡಮ್ಮ ಎಮ್ಮೆಗೂ ಕೆಮ್ಮಿ ಹೇಳಿ ಹೋಗುತ್ತಿದ್ದದ್ದು ಕಣ್ಣ ಮುಂದೆ ಬರುತ್ತಿತ್ತು.

ಬೆಳಿಗ್ಗೆ ಅವರು ತಲೆ ಬಾಚುತ್ತಿದ್ದಾಗ, ಆ ಆಟವನ್ನು ಇನ್ನು ಆಡುವುದಿಲ್ಲ, ಸಿಡಿ ವಾಪಸು ಕಳಿಸುತ್ತೇನೆ ಎಂದೆ. ಅವರ ಬಾಚಣಿಗೆ ನಿಂತಿತು.

“ಆಡ್ಬ್ಯಾಡ ಅಂದ್ನಾ ನಾನು? ಅವ್ನ ಒಡೀದೆ ಓಗಕ್ಕಾಗಲ್ವಾ ಮಗ?”

ಹೋಗಬಹುದು, ಆದರೆ ಬಹಳ ಹೊತ್ತು ಹಿಡಿಯುತ್ತದೆ ಎಂದೆ.

“ನಿಂಗೇನು ಬಸ್ಸು ತಪ್ಪೋಯ್ತದಾ? ಕಾಲು ಮುರ್ಕೊಂಡು ಕುಂತಿದ್ದೀಯ. ನಿಧಾನಕ್ಕೆ ಓಗು.”

ಅಪಘಾತವಾದ ಮೇಲೆ ನಾನು ಬಾಯಿ ತುಂಬ ನಕ್ಕಿದ್ದು ಅವತ್ತೇ ಇರಬೇಕು.

ಆ ಸಂಜೆಯಿಂದ ನಾವಿಬ್ಬರೂ ಸೇರಿ ಮೊದಲಿನಿಂದ ಶುರುಮಾಡಿದೆವು. ಯಾರನ್ನೂ ಹೊಡೆಯುವಂತಿಲ್ಲ ಎಂದಾದ ಕೂಡಲೇ ಆಟವೇ ಬೇರೆಯಾಯಿತು. ಮೊದಲು ಕಾವಲುಗಾರನೆಂದರೆ ದಾರಿಗೆ ಅಡ್ಡ ಬಿದ್ದ ಕಲ್ಲಿನ ಹಾಗೆ ಕಾಣುತ್ತಿದ್ದ. ಈಗ ಅವನು ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ, ಎಲ್ಲಿ ನಿಂತು ಆಕಳಿಸುತ್ತಾನೆ, ಯಾರ ಜೊತೆ ಮಾತಿಗೆ ನಿಲ್ಲುತ್ತಾನೆ ಎಂದೆಲ್ಲ ತಿಳಿದುಕೊಳ್ಳಬೇಕಾಯಿತು. ತಿಳಿಯುತ್ತ ಹೋದ ಹಾಗೆ ಅವನಿಗೊಂದು ಮನೆ, ಒಂದು ಸಂಸಾರ ಇರಬಹುದು ಅನ್ನಿಸತೊಡಗಿತು. ಗಾರ್ಡಮ್ಮ ಒಬ್ಬೊಬ್ಬನಿಗೂ ಹೆಸರಿಟ್ಟಿದ್ದರು. ಕೆಮ್ಮೋನು, ಸಿಡುಕ, ಹೊಸದಾಗಿ ಕೆಲಸಕ್ಕೆ ಸೇರಿದೋನು. ನನಗೆ ಆತುರ ಹೆಚ್ಚು. ಪಂಜಿನ ಬೆಳಕಿಗೆ ನುಗ್ಗಲು ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಹೆಜ್ಜೆ ಸದ್ದು ಕೇಳುತ್ತಿದ್ದು, “ತಾಳು, ಬರ್ಲಿ ಅವ್ನು” ಎನ್ನುತ್ತಿದ್ದರು. ಅವನು ಬಂದು, ನಿಂತು, ತಿರುಗಿ ಹೋದ ಮೇಲೆ, “ಊಂ, ಈಗ ಓಗು.” ಅಪ್ಪ ಅಂಗಡಿ ಮುಚ್ಚಿ ಬಂದರೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕುಳಿತಿರುವುದನ್ನು ಕಂಡು ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು ಒಳಗೆ ಬರುತ್ತಿದ್ದರು.

ಒಂದು ಸಂಜೆ ಕರೆಂಟು ಹೋಯಿತು. ಆಟ ನಿಂತಿತು. ಬುಡ್ಡಿದೀಪ ಹಚ್ಚಿ ಕುಳಿತ ಗಾರ್ಡಮ್ಮ ನಾನು ಕೇಳದೆಯೇ ಗಂಡನ ಮಾತು ತೆಗೆದರು. ಅಂತರಸಂತೆಯಿಂದ ಆಚೆ, ಕಾಡಂಚಿನ ಗುಡಿಸಿಲಿನಲ್ಲಿ ಅವರ ಕಾವಲು. ಹೊಡೆತ ಬಿದ್ದ ದಿನ ಸಂಜೆ ಮಬ್ಬಿನಲ್ಲಿ ಒಲೆಯ ಮುಂದೆ ಕುಳಿತು ಟೀ ಕಾಯಿಸುತ್ತಿದ್ದರಂತೆ. ಮರುದಿನ ಯಾರೋ ನೋಡಿದಾಗ ಪಾತ್ರೆ ಸೀದು ಕರಿಯಾಗಿತ್ತಂತೆ. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಉಸಿರಿತ್ತು, ಮಾತಿರಲಿಲ್ಲ. ಹೊಡೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

“ಅವ್ರಿಗೆ ಬೇಕಾಗಿದ್ದು ಮರ” ಎಂದರು. “ಅತ್ಲಾಗೆ ಅಳ್ಳದ ದಾರೀಲಿ ಒತ್ಕೊಂಡು ಓಗಿದ್ರೆ ಇವ್ರಿಗೆ ಗೊತ್ತೇ ಆಯ್ತಿರಲಿಲ್ಲ. ಇವ್ರು ಟೀ ಕುಡ್ಕೊಂಡು ಕುಂತಿರೋರು. ಅವ್ರಿಗೂ ತಾಳ್ಮೆ ಇರಲಿಲ್ಲ ಕಣ್ ಮಗ.”

ಅಳಲಿಲ್ಲ. ಕರೆಂಟು ಬಂದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಕೇಳಿದರು.

ಇದೇ ದಿನಗಳಲ್ಲಿ ನನ್ನ ಚಿಕ್ಕಪ್ಪನ ಮಕ್ಕಳು ಆ ಟ್ರ್ಯಾಕ್ಟರ್ ಡ್ರೈವರನ್ನು ಪತ್ತೆಹಚ್ಚಿದರು. ಗಾವಡಗೆರೆ ಪಕ್ಕದ ಒಂದು ಹಳ್ಳಿಯವನು, ಮೂವತ್ತರ ಆಸುಪಾಸು, ಹೊಗೆಸೊಪ್ಪು ಬೆಳೆಯುವವರೊಬ್ಬರ ಟ್ರ್ಯಾಕ್ಟರು ಓಡಿಸುತ್ತಾನೆ. ಪೊಲೀಸರಿಗೆ ಹೇಳುವ ಮೊದಲು ಅವನಿಗೂ ಒಂದು ಕಾಲು ಮುರಿಯಬೇಕು ಎಂಬುದು ಅವರ ಲೆಕ್ಕ. ದಾರಿಯಲ್ಲಿ ಕಾದು ಹಿಡಿಯುತ್ತೇವೆ, ನೀನು ಹೂಂ ಅನ್ನು ಎಂದರು. ನಾನು ಹೂಂ ಎಂದೆ. ಬಿದ್ದದ್ದಕ್ಕಿಂತ ಅವನು ನನ್ನ ಮುಖ ನೋಡಿ ಹತ್ತಿಹೋದದ್ದು ಒಳಗೆ ಸುಡುತ್ತಿತ್ತು. ಮರುದಿನ ಬೆಳಿಗ್ಗೆ ಗಾರ್ಡಮ್ಮನಿಗೆ ಇದನ್ನೆಲ್ಲ ಹುರುಪಿನಿಂದಲೇ ಹೇಳಿದೆ. ಅವರು ಯಾವ ಊರು, ಯಾರ ಹೊಲ ಎಂದಷ್ಟೇ ಕೇಳಿದರು. ಆ ಕಡೆಯ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟುವವರಿಗೆ ಡ್ರೈವರುಗಳೆಲ್ಲ ಗೊತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆ ಭಾನುವಾರ ಮಧ್ಯಾಹ್ನ ಚಿಕ್ಕಪ್ಪನ ಮಕ್ಕಳಿಬ್ಬರೂ ನಮ್ಮ ಮನೆಯಲ್ಲೇ ಊಟಕ್ಕೆ ಕುಳಿತಿದ್ದರು. ಹೊರಗೆ ಕೆಮ್ಮಿದ ಸದ್ದಾಯಿತು. “ಬಂದೆ ಕಣ್ ಮಗ. ನನ್ನ ಜೊತೇಲಿ ಇನ್ನೊಬ್ರು ಅವ್ರೆ.” ಗಾರ್ಡಮ್ಮನ ಹಿಂದೆ ಬಾಗಿಲಲ್ಲಿ ನಿಂತಿದ್ದವನನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನನ್ನ ಮುಖ ನೋಡಿಯೇ ಚಿಕ್ಕಪ್ಪನ ಮಕ್ಕಳಿಗೂ ತಿಳಿದುಹೋಯಿತು. ಅನ್ನದ ಕೈಯಲ್ಲೇ ಎದ್ದರು. ಗಾರ್ಡಮ್ಮ ಅವರಿಗೆ ಅಡ್ಡ ಹೋಗಿ ನಿಲ್ಲಲಿಲ್ಲ, ದನಿಯನ್ನೂ ಎತ್ತಲಿಲ್ಲ.

“ಊಟ ಮುಗುಸ್ರಪ್ಪ ಮೊದ್ಲು. ಅವ್ನು ಎಲ್ಗೂ ಓಗಕಿಲ್ಲ. ತಾನಾಗೇ ನಡ್ಕೊಂಡು ಬಂದವ್ನೆ.”

ಅಪ್ಪ ಕಣ್ಣಿನಲ್ಲೇ ಸನ್ನೆ ಮಾಡಿ ಅವರನ್ನು ಕೂರಿಸಿದರು. ಗಾರ್ಡಮ್ಮ ಡ್ರೈವರನ್ನು ನನ್ನ ಮಂಚದ ಎದುರು ನೆಲದ ಮೇಲೆ ಕೂರಿಸಿ, ನಡೆದದ್ದನ್ನು ಹೇಳು ಎಂದರು. ಟ್ರ್ಯಾಕ್ಟರಿಗೆ ಲೈಟು ಸರಿಯಿರಲಿಲ್ಲವಂತೆ. ನಾನು ಸತ್ತೇ ಹೋದೆ ಎಂದುಕೊಂಡನಂತೆ. ಹೊಲದ ಮನೆಗೆ ಹೋಗಿ ಗಾಡಿ ನಿಲ್ಲಿಸಿ, ತಡೆಯಲಾರದೆ ನಡೆದುಕೊಂಡು ವಾಪಸು ಬಂದನಂತೆ. ಅಷ್ಟರಲ್ಲಿ ಮೋರಿಯ ಹತ್ತಿರ ಯಾರೂ ಇರಲಿಲ್ಲ, ನನ್ನ ಒಂದು ಚಪ್ಪಲಿ ಮಾತ್ರ ಬಿದ್ದಿತ್ತಂತೆ. ಅದನ್ನು ಎತ್ತಿ ಬೇಲಿಯ ಮೇಲಿಟ್ಟು ಹೋದೆ ಎಂದ. ಬದುಕಿದ್ದಾರೆ ಎಂದು ಆಮೇಲೆ ಗೊತ್ತಾದರೂ ಬರುವ ಧೈರ್ಯ ಬರಲಿಲ್ಲವಂತೆ.

ಅವನು ಬಂದರೆ ಏನೇನು ಕೇಳಬೇಕು ಎಂದು ತಿಂಗಳುಗಳಿಂದ ಜೋಡಿಸಿಟ್ಟಿದ್ದೆ. ನೀನು ನನ್ನನ್ನು ನೋಡಿಯೂ ಹೋದೆಯಲ್ಲ ಎಂದಷ್ಟೇ ಕೇಳಿದೆ.

“ನೋಡ್ದೆ ಅಕ್ಕ” ಎಂದ. “ನೋಡಿ ಓಡೋದೆ. ನನ್ನದೇ ತಪ್ಪು.”

ಅವನು ತಲೆ ತಗ್ಗಿಸಿ ಕುಳಿತೇ ಇದ್ದ. ಅಪ್ಪ ಎದ್ದುಹೋಗಿ ಅವನಿಗೆ ಒಂದು ಲೋಟ ನೀರು ತಂದುಕೊಟ್ಟರು. ಚಿಕ್ಕಪ್ಪನ ಮಕ್ಕಳು ಮುಖ ಗಂಟಿಕ್ಕಿಕೊಂಡು ಕೈ ತೊಳೆದು ಹೊರಟರು. ಮರುದಿನ ಡ್ರೈವರು ಅಪ್ಪನ ಜೊತೆ ಪೊಲೀಸ್ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಟ್ಟ. ಕೇಸು ಅದರ ಪಾಡಿಗೆ ನಡೆದು, ಕೋರ್ಟು ಹಾಕಿದ ಶಿಕ್ಷೆಯನ್ನು ಅವನು ಒಪ್ಪಿಕೊಂಡ.

ಅವನನ್ನು ಯಾಕೆ ಕರೆದುಕೊಂಡು ಬಂದಿರಿ ಎಂದು ಆ ಭಾನುವಾರ ಸಂಜೆಯೇ ಗಾರ್ಡಮ್ಮನನ್ನು ಕೇಳಿದ್ದೆ. ನನಗೆ ಸ್ವಲ್ಪ ಸಿಟ್ಟೂ ಇತ್ತು. ಅವರು ತಮ್ಮ ಬೆರಳುಗಳ ಅಂಟು ಕೀಳುತ್ತ ಕುಳಿತಿದ್ದರು.

“ನನ್ನ ಬಾಗ್ಲಿಗೆ ಯಾರೂ ಬರಲಿಲ್ಲ ಮಗ” ಎಂದರು. “ಒಬ್ಬ ಬಂದು ನಾನೇ ಕಣವ್ವ ಒಡೆದಿದ್ದು ಅಂದಿದ್ರೆ, ಅವ್ನಿಗೆ ಏನಂತಿದ್ನೋ ಏನೋ, ನಂಗೊತ್ತಿಲ್ಲ. ಆದ್ರೂ ಬರ್ತಾರೇನೋ ಅಂತ ಅಂತರಸಂತೇಲಿ ಅಷ್ಟು ವರ್ಸ ಬಾಗ್ಲು ನೋಡ್ದೆ. ಆಮ್ಯಾಕೆ ಊರೇ ಬುಟ್ಟೆ. ನಿನ್ನ ಬಾಗ್ಲಿಗಾದ್ರೂ ಬರ್ಲಿ ಅಂತ.”

ನಾನು ಮಂಚದಿಂದ ಕೈ ಚಾಚಿದೆ. ಅಂಟು ಅಂಟು ಎಂದು ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಬಿಡದೆ ಹಿಡಿದುಕೊಂಡೆ.

ಆಟ ಮುಗಿಸಿದ್ದು ನಾನು ಊರುಗೋಲು ಹಿಡಿದು ನಡೆಯತೊಡಗಿದ ಮೇಲೆ. ಕೊನೆಯ ಹಂತದಲ್ಲಿ ಸೆರೆಯಿಂದ ಬಿಡಿಸಿದ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಕೋಟೆಯ ಉದ್ದಕ್ಕೂ ನಡೆದು ಹೊರಗೆ ಬರಬೇಕು. ಸಿಕ್ಕಿಬಿದ್ದು ಸಿಕ್ಕಿಬಿದ್ದು ಮತ್ತೆ ಶುರುಮಾಡಿದೆವು. ಒಮ್ಮೆಯಂತೂ ಹೆಬ್ಬಾಗಿಲಿನಲ್ಲಿ ಕೆಮ್ಮೋನು ನಮಗೆ ಬೆನ್ನು ತಿರುಗಿಸಿ ಕದಲದೆ ನಿಂತುಬಿಟ್ಟ. ಒಂದೇ ಒಂದು ಏಟು ಸಾಕಿತ್ತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಗಾರ್ಡಮ್ಮ ಈ ಸಲ ‘ತಾಳು’ ಎನ್ನದೆ ಪರದೆಯನ್ನೇ ನೋಡುತ್ತಿದ್ದರು. ನಾನು ಬೆರಳು ತೆಗೆದೆ. ಎಷ್ಟೋ ಹೊತ್ತಿನ ಮೇಲೆ ಅವನು ಕೆಮ್ಮಿ, ಗೊಣಗಿ, ಬೆಂಕಿಯ ಕಡೆ ಹೋದ. ಅಣ್ಣ ತಮ್ಮ ಇಬ್ಬರೂ ಹೊರಗೆ ಬಂದರು.

ನಾನು ಚಪ್ಪಾಳೆ ತಟ್ಟಿದೆ. ಗಾರ್ಡಮ್ಮನಿಗೆ ಬೇರೆಯೇ ಚಿಂತೆ. ಬೆಳಗಾದ ಮೇಲೆ ಸೆರೆಯಾಳು ಇಲ್ಲ ಎಂದು ಗೊತ್ತಾದರೆ ಈ ಕಾವಲಿನವರಿಗೆಲ್ಲ ಏನು ಮಾಡುತ್ತಾರೆ ಎಂದು ಕೇಳಿದರು. ಆಟದಲ್ಲಿ ಅದೆಲ್ಲ ಇಲ್ಲ, ಬಹುಶಃ ದೊರೆ ಬೈಯಬಹುದು ಎಂದೆ.

“ಬೈಸ್ಕೊಂಡು ಮನೆಗೋಯ್ತಾರೆ. ಓಯ್ತಾರಲ್ಲ. ಸಾಕು ಬುಡು.”

ಮುಂದೆ ನನಗೆ ಕೆ.ಆರ್. ನಗರಕ್ಕೆ ಮದುವೆಯಾಯಿತು. ಅಲ್ಲೇ ಶಾಲೆಯೂ ಸಿಕ್ಕಿತು. ಹುಣಸೂರಿಗೆ ಬಂದಾಗಲೆಲ್ಲ ಗೋಡೆಯಾಚೆ ಹೋಗಿ ಕುಳಿತು ಬರುತ್ತಿದ್ದೆ. ಆ ಡ್ರೈವರು ಈ ಕಡೆ ಬಂದಾಗ ಅವರಿಗೆ ಸೌದೆ ಇಳಿಸಿ ಹೋಗುತ್ತಾನೆ ಎಂದು ಅಪ್ಪನಿಂದ ತಿಳಿಯುತ್ತಿತ್ತು. ವರ್ಷಗಳು ಕಳೆದ ಹಾಗೆ ಅವರಿಗೆ ಉಸಿರಿನ ತೊಂದರೆ ಶುರುವಾಯಿತು. ಸೊಪ್ಪಿನ ಕೆಲಸ ಬಿಟ್ಟರು. ಕೊನೆಯ ಸಲ ನಾನು ಹೋದಾಗ ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೈಗಳು ಬಿಳಿಚಿ ಶುಭ್ರವಾಗಿದ್ದವು. ಅದನ್ನು ನೋಡಿ ನನಗೆ ಭಯವಾಯಿತು.

ಆ ಆಟ ಇನ್ನೂ ಆಡುತ್ತೀಯಾ ಎಂದು ಕೇಳಿದರು. ಕಂಪ್ಯೂಟರು ಎಲ್ಲಿಂದ ತರುವುದು? ಪಕ್ಕದಲ್ಲಿ ಕುಳಿತು ಬಾಯಲ್ಲೇ ಆಡಿದೆ. ಈಗ ಹುಲ್ಲಿನ ಮೇಲಿದ್ದೇವೆ, ಈಗ ಎಡಗಡೆ ಮೆಟ್ಟಿಲು, ಮೇಲೆ ಸಿಡುಕ ನಿಂತಿದ್ದಾನೆ ಎಂದು ಹೇಳುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅವಸರದಲ್ಲಿ ಅಂಗಳ ದಾಟಿಬಿಟ್ಟಾಗ ನನ್ನ ಮೊಣಕೈ ಮುಟ್ಟಿ ತಡೆದರು. “ತಾಳು” ಎಂದರು. ಅಷ್ಟಕ್ಕೇ ಉಸಿರು ಸಾಲದಾಯಿತು. ನಾನು ಅವರ ಉಸಿರು ಹದಕ್ಕೆ ಬರುವವರೆಗೂ ನಿಲ್ಲಿಸಿ, ಮತ್ತೆ ಅಂಗಳದ ಆಚೆ ತುದಿಯಿಂದ ಶುರುಮಾಡಿದೆ. ಹೆಬ್ಬಾಗಿಲು ಬರುವ ಮೊದಲೇ ಅವರಿಗೆ ನಿದ್ದೆ ಹತ್ತಿತು. ಮುಂದಿನ ವಾರ ಅಪ್ಪನ ಫೋನು ಬಂತು. ಅಪ್ಪ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಗಾರ್ಡಮ್ಮ ಗೋಡೆಗೆ ಒರಗಿದ ಹಾಗೆಯೇ ಹೋಗಿಬಿಟ್ಟಿದ್ದರಂತೆ.

ಆ ಆಟ ನನ್ನ ಹತ್ತಿರ ಈಗಲೂ ಇದೆ. ಹೊಸ ಕಂಪ್ಯೂಟರು ಬಂದಾಗಲೆಲ್ಲ ಬಲ್ಲವರನ್ನು ಹಿಡಿದು ಹೇಗಾದರೂ ಅದರಲ್ಲಿ ಹಾಕಿಸಿಕೊಳ್ಳುತ್ತೇನೆ. ನನ್ನ ಯಜಮಾನರಿಗೆ ಅದನ್ನು ನೋಡಿದರೆ ನಗು. ಈಗಿನ ಆಟಗಳಲ್ಲಿ ಮರದ ಎಲೆಯೂ ನಿಜದ ಹಾಗೆ ಅಲುಗುತ್ತದೆ, ನಿನ್ನ ಕಾವಲುಗಾರರಿಗೆ ಮೂಗು ಕೂಡ ನೆಟ್ಟಗಿಲ್ಲ, ಇದರಲ್ಲಿ ಅಂಥದ್ದೇನಿದೆ ಎಂದು ಕೇಳುತ್ತಾರೆ. ಕೂತು ಆಡಿ ನೋಡಿ ಎನ್ನುತ್ತೇನೆ. ಆ ಮೂಗು ನೆಟ್ಟಗಿಲ್ಲದವನು ಚಳಿ ಎಂದು ಗೊಣಗಿದರೆ ಇವತ್ತಿಗೂ ನನಗೆ ಕನಿಕರ ಬರುತ್ತದೆ. ಬಲ ತೋರಿಸದೆ, ಯಾರಿಗೂ ನೋವು ಮಾಡದೆ ದಾಟಿಹೋಗುವ ದಾರಿಯೊಂದನ್ನು ಆ ಆಟ ಮಾಡಿದವರು ಪ್ರತಿ ಬಾಗಿಲಿನ ಹತ್ತಿರವೂ ಇಟ್ಟಿದ್ದಾರೆ. ಹುಡುಕುವವರಿಗೆ ಸಿಗುತ್ತದೆ, ಆದರೆ ಬೇಗ ಸಿಗುವುದಿಲ್ಲ. ನನಗೆ ಕಾಯಲು ಬರುತ್ತಿರಲಿಲ್ಲ, ಆಟದಲ್ಲೂ, ತರಗತಿಯಲ್ಲೂ, ಮನೆಯಲ್ಲೂ. ಈಗ ಬರುತ್ತದೆ. ಯಾರ ಪಕ್ಕದಲ್ಲಿ ಕುಳಿತು ಅದನ್ನು ಕಲಿತೆ ಎಂಬುದು ನನಗೆ ಗೊತ್ತು.